ಮುಂದೊಗಲು ಬಿಗಿ ಎಂದು ಬಂದವರಿಗೆ ಸರ್ಜರಿ ಒಪಿಡಿಯಲ್ಲಿ ಮೊದಲು ನೋಡಬೇಕಾದ್ದು

ಮುಂದೊಗಲು, ಅಂದರೆ ಶಿಶ್ನದ ತುದಿ ಮುಚ್ಚುವ ಚರ್ಮ, ಬಿಗಿಯಾಗಿ ಬಂದು ಚೀಟಿ ಕೌಂಟರಿನಲ್ಲಿ 'ಯೂರಿನ್ ತೊಂದರೆ' ಎಂದಷ್ಟೇ ಬರೆಸಿದವರನ್ನು ಮೆಡಿಸಿನ್ ವಿಭಾಗಕ್ಕೆ ಕಳಿಸುತ್ತಾರೆ. ಅಲ್ಲಿಂದ ಮೂತ್ರ ಪರೀಕ್ಷೆ, ಐದು ದಿನದ ಆಂಟಿಬಯಾಟಿಕ್, ಮತ್ತೆ ಮನೆ. 'ಸರ್ಜರಿ ಒಪಿಡಿ' ಎಂದು ಕೇಳಿದ್ದರೆ ಅದೇ ದಿನ ಕೆಲಸವಾಗುತ್ತಿತ್ತು. ಕಾರಣ ಹೇಳಬೇಕಾದ್ದು ಒಳಗೆ ಡಾಕ್ಟರಿಗೆ ಮಾತ್ರ.

ಒಳಗೆ ಬಂದ ಮೇಲೆ ಎಲ್ಲರದೂ ಒಂದೇ ಮಾತು: 'ಮುಂದಿನ ಚರ್ಮ ಹಿಂದಕ್ಕೆ ಹೋಗಲ್ಲ'. ಹೀಗೆನ್ನುವ ನಾಲ್ಕು ವರ್ಷದ ಮಗುವಿನ ತಾಯಿಗೂ, ಮದುವೆ ಗೊತ್ತಾದ ಹುಡುಗನಿಗೂ, ಐವತ್ತು ದಾಟಿದ ಸಕ್ಕರೆ ಕಾಯಿಲೆಯವರಿಗೂ ಒಂದೇ ಮದ್ದು ಬರೆದರೆ ಮೂವರಲ್ಲಿ ಇಬ್ಬರಿಗಾದರೂ ತಪ್ಪುತ್ತದೆ. ವಯಸ್ಸು, ಚರ್ಮದ ತುದಿ, ರಕ್ತದ ಸಕ್ಕರೆ ಇವನ್ನು ನೋಡದೆ ಮುಲಾಮಿನ ಮಾತೂ ಬೇಡ, ಕತ್ತರಿಯ ಮಾತೂ ಬೇಡ.

ಹುಟ್ಟುವಾಗ ಮುಂದೊಗಲಿನ ಒಳಪದರ ಶಿಶ್ನದ ತುದಿಗೆ ಅಂಟಿಕೊಂಡೇ ಇರುತ್ತದೆ. ವರ್ಷಗಳು ಕಳೆದಂತೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಡೆನ್ಮಾರ್ಕಿನ ಶಾಲಾ ಹುಡುಗರನ್ನು ವರ್ಷಗಟ್ಟಲೆ ನೋಡಿ ಯಾಕೊಬ್ ಓಸ್ಟರ್ 1968ರಲ್ಲಿ ಪ್ರಕಟಿಸಿದ ಲೆಕ್ಕ ಇಂದಿಗೂ ನಮ್ಮ ಆಧಾರ: ಆರೇಳು ವರ್ಷದವರಲ್ಲಿ ಶೇ. 8ರಷ್ಟು ಮಂದಿಗೆ ಬಿಗಿ ಇತ್ತು, ಹದಿನಾರು ಹದಿನೇಳರ ಹೊತ್ತಿಗೆ ಅದು ಶೇ. 1ಕ್ಕೆ ಇಳಿದಿತ್ತು. ಮೂತ್ರ ಮಾಡುವಾಗ ಚರ್ಮ ಬಲೂನಿನಂತೆ ಉಬ್ಬಿ ಇಳಿಯುವುದು, ಚರ್ಮದಡಿ ಬಿಳಿ ಗುಳಿಗೆಯಂಥ ಗಂಟು ಕಾಣುವುದು, ಇವೆರಡಕ್ಕೂ ಮನೆಯವರು ಗಾಬರಿಯಾಗುತ್ತಾರೆ. ಆ ಬಿಳಿ ಗಂಟು ಕೀವಲ್ಲ, ಉದುರಿದ ಚರ್ಮದ ಕಣಗಳ ಮುದ್ದೆ. ಪದರ ಬಿಡಿಸಿಕೊಂಡಾಗ ತಾನೇ ಹೊರಬರುತ್ತದೆ.

ಕೆಡುವುದು ಎಣ್ಣೆ ಸ್ನಾನದ ದಿನ. 'ಹಿಂದಕ್ಕೆ ಎಳೆದು ತೊಳೆಯಿರಿ' ಎಂದು ಯಾರೋ ಹೇಳಿರುತ್ತಾರೆ, ಕೆಲವೊಮ್ಮೆ ನಮ್ಮ ಆಸ್ಪತ್ರೆಗಳವರೇ. ಬಲವಂತವಾಗಿ ಎಳೆದರೆ ತುದಿ ಬಿರಿಯುತ್ತದೆ, ಬಿರಿದದ್ದು ಕಲೆಗಟ್ಟಿ ಮಾಯುತ್ತದೆ, ಆ ಕಲೆಯೇ ಮುಂದೆ ನಿಜವಾದ ಕಾಯಿಲೆ. ಮಗುವಿಗೆ ಹೊರಗಡೆ ತೊಳೆದರೆ ಸಾಕು. ಮೂತ್ರ ಕಟ್ಟಿದರೆ, ಮುಕ್ಕಿ ಹನಿ ಹನಿಯಾಗಿ ಮಾಡುತ್ತಿದ್ದರೆ, ತುದಿ ಪದೇಪದೇ ಕೆಂಪಾಗಿ ಬಾತರೆ, ಜ್ವರದೊಂದಿಗೆ ಮೂತ್ರದ ಸೋಂಕು ಬಂದರೆ ಮಾತ್ರ ಕರೆತನ್ನಿ. ಇನ್ನೊಂದು: ಮೂತ್ರದ ರಂಧ್ರ ತುದಿಯಲ್ಲಿರದೆ ಕೆಳಭಾಗದಲ್ಲಿದ್ದರೆ ಆ ಮಗುವಿಗೆ ಸುನ್ನತಿ ಮಾಡಿಸಲೇಬಾರದು, ಧಾರ್ಮಿಕ ಕಾರಣಕ್ಕೂ. ರಂಧ್ರ ಸರಿಪಡಿಸುವ ಆಪರೇಷನ್ನಿಗೆ ಅದೇ ಚರ್ಮ ಬೇಕಾಗುತ್ತದೆ.

ಬೆಳೆದವರಲ್ಲಿ ತುದಿಯನ್ನು ಬೆಳಕಿನಲ್ಲಿ ನೋಡಬೇಕು. ಮೆಲ್ಲಗೆ ಎಳೆದಾಗ ಗುಲಾಬಿ ಬಣ್ಣದ ಮೆತ್ತನೆಯ ಒಳಚರ್ಮ ಅರಳಿ ಕಂಡರೆ ಬಿಗಿ ಸಾದಾ. ಬಾಯಿ ಅರಳದೆ, ಲಾಡಿ ಬಿಗಿದ ಚೀಲದಂತೆ ಬಿಳಿಚಿದ ಗಟ್ಟಿ ಉಂಗುರ ನಿಂತರೆ, ಅದರ ಮೇಲೆ ಸಣ್ಣ ಬಿರುಕುಗಳಿದ್ದರೆ, ಅದು ಲೈಕನ್ ಸ್ಕ್ಲೆರೋಸಸ್, ಅಂದರೆ ಚರ್ಮ ಬಿಳಿಚಿ ಕಲೆಗಟ್ಟುವ ಕಾಯಿಲೆ, ಇರಬಹುದು. ಹಳೆಯ ಹೆಸರು ಬಿಎಕ್ಸ್‌ಒ (ಬಲನೈಟಿಸ್ ಜೆರೋಟಿಕಾ ಆಬ್ಲಿಟರಾನ್ಸ್). ಇದು ರಂಧ್ರಕ್ಕೂ ಮೂತ್ರನಾಳಕ್ಕೂ ಹಬ್ಬಬಲ್ಲದು, ಸಾಮಾನ್ಯವಾಗಿ ಸುನ್ನತಿಯೇ ಬೇಕಾಗುತ್ತದೆ. ಚರ್ಮ ಸರಿಯಾಗಿಯೇ ಸರಿದು, ಅಡಿಯ ದಾರದಂಥ ಪಟ್ಟಿ ಮಾತ್ರ ಎಳೆದು ಹರಿಯುತ್ತಿದ್ದರೆ ಆ ಪಟ್ಟಿಯನ್ನಷ್ಟೇ ಸಡಿಲಿಸಿದರೆ ಮುಗಿಯಿತು.

ಸಾದಾ ಬಿಗಿಗೆ ಮೊದಲ ಮದ್ದು ಮುಲಾಮು. ಬೀಟಾಮೆಥಾಸೋನ್, 0.05ರಿಂದ 0.1 ಪ್ರತಿಶತದ್ದು, ದಿನಕ್ಕೆ ಎರಡು ಬಾರಿ, 4ರಿಂದ 8 ವಾರ. ಬಿಸಿನೀರಿನ ಸ್ನಾನವಾದ ಮೇಲೆ ನೋವಾಗದಷ್ಟು ಹಿಂದಕ್ಕೆ ಎಳೆದು, ಎಲ್ಲಿ ಬಿಗಿಯುತ್ತದೋ ಆ ಉಂಗುರದ ಮೇಲೇ ತೆಳುವಾಗಿ ಸವರಬೇಕು. ಒಂದೆರಡು ವಾರ ಕಳೆದ ಮೇಲೆ ಅಲ್ಲೇ ತುಸು ಹೊತ್ತು ಹಿಗ್ಗಿಸಿ ಹಿಡಿದು, ಮತ್ತೆ ಮುಂದಕ್ಕೆ ತರಬೇಕು. 'ಹಚ್ಚಿದೆ, ಗುಣ ಕಾಣಲಿಲ್ಲ' ಎನ್ನುವವರನ್ನು ಹೇಗೆ ಹಚ್ಚಿದಿರಿ ತೋರಿಸಿ ಎಂದು ಕೇಳಿ. ಹಲವರು ಹೊರಚರ್ಮಕ್ಕೆ ಹಚ್ಚಿರುತ್ತಾರೆ, ಇಲ್ಲವೇ ಹತ್ತು ದಿನಕ್ಕೆ ಬಿಟ್ಟಿರುತ್ತಾರೆ. ಮೆಡಿಕಲ್ ಶಾಪಿನವರು ಚೀಟಿಯಿಲ್ಲದೆ ಕೊಡುವ ಮೂರು ಮದ್ದು ಬೆರೆಸಿದ ಟ್ಯೂಬು ಇನ್ನೊಂದು ಪೀಡೆ. ಅದರ ಸ್ಟಿರಾಯ್ಡಿಗೆ ತುರಿಕೆ ತಗ್ಗುತ್ತದೆ, ಬೇರು ಹಾಗೇ ಉಳಿಯುತ್ತದೆ.

ಆ ಬೇರು ಎಷ್ಟೋ ಸಲ ಸಕ್ಕರೆ. ನಲವತ್ತು ದಾಟಿದವರಲ್ಲಿ ಇದ್ದಕ್ಕಿದ್ದಂತೆ ಚರ್ಮ ಬಿಗಿಯಾಗಿ, ಬಿರಿದು, ಮೊಸರಿನಂಥ ಬಿಳುಪು ಕಟ್ಟಿದ್ದರೆ ಬೇರೇನೂ ಬರೆಯುವ ಮುಂಚೆ ಬೆರಳು ಚುಚ್ಚಿ ಗ್ಲೂಕೋಸ್ ನೋಡಬೇಕು. ಸಕ್ಕರೆ ಕಾಯಿಲೆ ಇರುವುದೇ ಇಲ್ಲಿ ಗೊತ್ತಾಗುವವರಿದ್ದಾರೆ. ಈಗಾಗಲೇ ಮಾತ್ರೆ ತಿನ್ನುತ್ತಿದ್ದರೆ ಹೆಸರು ಓದಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನವು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ, ಆ ಸಿಹಿಯಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಡಪಾಗ್ಲಿಫ್ಲೋಜಿನ್‌ನ ಮೊದಲ ಪೇಟೆಂಟ್ ಭಾರತದಲ್ಲಿ 2020ರಲ್ಲಿ ಮುಗಿದ ಮೇಲೆ ಅಗ್ಗದ ಮಾತ್ರೆಗಳು ಊರೂರಿಗೆ ತಲುಪಿವೆ. ಹೃದಯಕ್ಕೂ ಕಿಡ್ನಿಗೂ ಒಳ್ಳೆಯ ಮದ್ದೇ, ತಾನಾಗಿ ನಿಲ್ಲಿಸಬಾರದು. ಬರೆದುಕೊಟ್ಟ ಡಾಕ್ಟರಿಗೆ ಈ ತೊಂದರೆ ತಿಳಿಸಬೇಕು. ಸಕ್ಕರೆ ಹತೋಟಿಗೆ ಬಂದು ಶಿಲೀಂಧ್ರಕ್ಕೆ ಮದ್ದು ಹಚ್ಚಿದರೆ ಕೆಲವರಿಗೆ ಆಪರೇಷನ್ನೇ ಬೇಕಾಗುವುದಿಲ್ಲ.

ಬಿಗಿದ ಚರ್ಮದ ಒಳಗೆ ಗಟ್ಟಿ ಗಂಟು ಕೈಗೆ ಸಿಕ್ಕರೆ, ರಕ್ತ ಬೆರೆತ ನಾರುವ ನೀರು ಬರುತ್ತಿದ್ದರೆ ಆಂಟಿಬಯಾಟಿಕ್ ಮೇಲೆ ಆಂಟಿಬಯಾಟಿಕ್ ಬರೆಯುತ್ತ ಕೂರಬಾರದು. ಚರ್ಮ ಸೀಳಿ ಒಳಗೆ ನೋಡಿ ಬಯಾಪ್ಸಿ ತೆಗೆಯಬೇಕು. ಶಿಶ್ನದ ಕ್ಯಾನ್ಸರ್ ಅಡಗಿ ಬೆಳೆಯುವುದು ಇಂಥ ಕಡೆಯಲ್ಲೇ.

ವಾರ್ಡಿನ ಹೊಸಬರಿಗೆ ಒಂದು ಮಾತು. ಮೂತ್ರದ ನಳಿಕೆ (ಕ್ಯಾತಿಟರ್) ಹಾಕಲು ಮುಂದೊಗಲನ್ನು ಹಿಂದೆ ಸರಿಸಿದ ಕೈಯೇ ಅದನ್ನು ಮುಂದಕ್ಕೂ ತರಬೇಕು, ನಳಿಕೆಯ ಬಲೂನಿಗೆ ನೀರು ತುಂಬಿದ ಕೂಡಲೇ. ಮರೆತರೆ ಉಂಗುರ ಹಿಂದೆಯೇ ಸಿಕ್ಕಿಕೊಂಡು ರಕ್ತ ವಾಪಸಾಗದೆ ತುದಿ ಬಾಯುತ್ತದೆ. ಪ್ರಜ್ಞೆಯಿಲ್ಲದ ರೋಗಿ ನೋವೆಂದು ಹೇಳುವುದೂ ಇಲ್ಲ. ಹಾಗಾಗಿದ್ದರೆ ಮರಗಟ್ಟಿಸುವ ಲಿಗ್ನೋಕೇನ್ ಜೆಲ್ ಹಚ್ಚಿ, ಬಾತ ಭಾಗವನ್ನು ಗಾಜ್ ಬಟ್ಟೆಯೊಳಗೆ ಮುಷ್ಟಿಯಲ್ಲಿ ಹಿಡಿದು 5ರಿಂದ 10 ನಿಮಿಷ ಬಿಡದೆ ಒತ್ತಬೇಕು. ಆಮೇಲೆ ಎರಡು ಹೆಬ್ಬೆರಳಿಂದ ತುದಿಯನ್ನು ಒಳಕ್ಕೆ ತಳ್ಳುತ್ತ, ಬೆರಳುಗಳಿಂದ ಚರ್ಮವನ್ನು ಮುಂದಕ್ಕೆ ತರಬೇಕು. ಎರಡು ನಿಮಿಷ ಒತ್ತಿ ಕೈಬಿಡುವುದರಿಂದಲೇ ಸೋಲುವುದು ಹೆಚ್ಚು. ಆಗದಿದ್ದರೆ ಸರ್ಜನ್ನರನ್ನು ಕರೆದು ಉಂಗುರ ಸೀಳಿಸಬೇಕು. ಮನೆಯಲ್ಲಿ ಹೀಗೆ ಸಿಕ್ಕಿಕೊಂಡು ತಾನಾಗಿ ಮುಂದೆ ಬರದಿದ್ದರೆ ರಾತ್ರಿಯಾದರೂ ಕ್ಯಾಷುವಾಲ್ಟಿಗೇ ಹೋಗಿ, ಬೆಳಗಿನ ಒಪಿಡಿಗೆ ಕಾಯಬೇಡಿ.

ಆಪರೇಷನ್ ಬೇಕೆಂದಾದರೆ ದೊಡ್ಡವರಿಗೆ ಬುಡದಲ್ಲಿ ಮರಗಟ್ಟಿಸಿ ಮಾಡಬಹುದು, ಮಕ್ಕಳಿಗೆ ಪೂರ್ಣ ಅರಿವಳಿಕೆ. ಇಲ್ಲಿ ರಕ್ತ ನಿಲ್ಲಿಸಲು ಬೈಪೋಲಾರ್ ಕಾಟರಿಯೇ ಸರಿ, ಅದರ ಕರೆಂಟು ಚಿಮಟದ ಎರಡು ತುದಿಗಳ ನಡುವೆಯಷ್ಟೇ ಹರಿದು ರಕ್ತನಾಳ ಸುಡುತ್ತದೆ. ಮಾನೋಪೋಲಾರ್‌ನ ಕರೆಂಟು ಬುಡದ ಮೂಲಕವೇ ಹಾಯ್ದು ಇಡೀ ಅಂಗವನ್ನೇ ಸುಡಬಲ್ಲದು. ಜಾಹೀರಾತಿನ ಸ್ಟೇಪ್ಲರ್ ವಿಧಾನದಲ್ಲಿ ಸಮಯ ಉಳಿಯುತ್ತದೆ, ಬಿಲ್ಲು ಏರುತ್ತದೆ. ಸುನ್ನತಿ ಎಂದೊಡನೆ ಹಿಂಜರಿಯುವವರಿಗೆ, ಕಲೆಯಿಲ್ಲದ ಬಿಗಿಯಾದರೆ, ಚರ್ಮ ಉಳಿಸಿಕೊಂಡು ಬಾಯಷ್ಟೇ ಅಗಲಿಸುವ ದಾರಿಯೂ ಇದೆ ಎಂದು ಹೇಳಬೇಕು, ಕೇಳದಿದ್ದರೂ. ಮಕ್ಕಳಾಗುವುದಕ್ಕೆ ಈ ಆಪರೇಷನ್ನಿನಿಂದ ಅಡ್ಡಿಯಿಲ್ಲ.

ಹೊಲಿಗೆಯ ದಾರ ಎರಡು ಮೂರು ವಾರದಲ್ಲಿ ಕರಗಿ ಉದುರುತ್ತದೆ. ರಾತ್ರಿ ನಿಮಿರಿದಾಗ ಮೊದಲ ವಾರ ನೋಯುತ್ತದೆ. ಸಂಭೋಗ, ಹಸ್ತಮೈಥುನ 4ರಿಂದ 6 ವಾರ ಬೇಡ, ಆದ್ದರಿಂದ ಲಗ್ನಕ್ಕೆ ಹದಿನೈದು ದಿನವಿರುವಾಗ ಬಂದವರಿಗೆ ಆಪರೇಷನ್ ಮುಂದಕ್ಕೆ ಹಾಕಿ ಎನ್ನುತ್ತೇವೆ. ಕಲೆಗಟ್ಟಿದ ಚರ್ಮವಾಗಿದ್ದರೆ ತೆಗೆದದ್ದನ್ನು ಪೆಥಾಲಜಿಗೆ ಕಳಿಸಿದ್ದಾರೆಯೇ ಎಂದು ಕೇಳಿ, ವರದಿ ತೆಗೆದುಕೊಳ್ಳಿ. ಲೈಕನ್ ಸ್ಕ್ಲೆರೋಸಸ್ ಎಂದು ಬಂದಿದ್ದರೆ ಗಾಯ ಮಾಯ್ದ ಮೇಲೂ ಮೂತ್ರದ ಧಾರೆ ಸಣ್ಣದಾಗುತ್ತಿದೆಯೇ ಎಂದು ಗಮನಿಸುತ್ತ, ಆ ಕಾಗದದೊಂದಿಗೆ ಮತ್ತೆ ತೋರಿಸಿಕೊಳ್ಳಬೇಕು.