ಭರ್ಜರಿ ಎಲೆ ಬಿದ್ದಾಗ ಸುಮ್ನೆ ಕೂರಬೇಡಿ

1988ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಕೊನೆಯ ಆಟ ನೋಡಿದವರಿಗೆಲ್ಲ ಹಾಗೇ ಆಡೋ ಆಸೆ ಹುಟ್ಟುತ್ತದೆ. ಲಾಸ್ ವೇಗಸ್‌ನಲ್ಲಿ ಜಾನಿ ಚಾನ್ ಕೈಯಲ್ಲಿ ಗುಲಾಮ, ಒಂಬತ್ತು. ಫ್ಲಾಪ್‌ನಲ್ಲಿ, ಅಂದರೆ ಎಲ್ಲರಿಗೂ ಸೇರಿದ ಮೊದಲ ಮೂರು ಎಲೆಗಳಲ್ಲಿ, ರಾಣಿ, ಹತ್ತು, ಎಂಟು ಬಿದ್ದು ಸ್ಟ್ರೇಟ್ (ಸಾಲಾಗಿ ಐದು ಎಲೆ) ಆಗಿಹೋಯಿತು. ಆದರೂ ಏನೂ ಇಲ್ಲದವರ ಹಾಗೆ ತಣ್ಣಗೆ ಆಡಿದರು, ರಾಣಿ ಜೋಡಿ ಹಿಡಿದಿದ್ದ ಎರಿಕ್ ಸೈಡೆಲ್ ಕೊನೆಯ ಎಲೆ ಬಿದ್ದ ಮೇಲೆ ಇದ್ದಬದ್ದ ಚಿಪ್ಸ್ ಎಲ್ಲಾ ಒಳಗೆ ತಳ್ಳಿದರು. ಅದ್ಭುತ ಆಟ.

ಆದರೆ ಅಲ್ಲಿ ಉಳಿದಿದ್ದವರು ಇಬ್ಬರೇ, ಎದುರಿನವರು ತಾವಾಗಿಯೇ ಬೆಟ್ ಮಾಡುವವರು, ಅಂದರೆ ಮುಂದಾಗಿ ದುಡ್ಡು ಹಾಕುವವರು. ನಾವು ಆಡೋ ಟೇಬಲ್‌ಗಳಲ್ಲಿ ಜನ ಬೆಟ್ ಮಾಡೋದಕ್ಕಿಂತ ಕಾಲ್ ಮಾಡೋದೇ (ಎದುರಿನವರು ಹಾಕಿದಷ್ಟೇ ಹಾಕೋದೇ) ಜಾಸ್ತಿ, ಅಲ್ವಾ? ಅಂಥವರ ಎದುರು ಚೆಕ್ ಮಾಡಿದರೆ (ಏನೂ ಹಾಕದೆ ಸರದಿ ಬಿಟ್ಟುಕೊಟ್ಟರೆ) ಅವರೂ ಚೆಕ್ ಮಾಡಿ ಪುಕ್ಕಟೆ ಎಲೆ ನೋಡುತ್ತಾರೆ.

ಲೆಕ್ಕ ಹಾಕಿ ನೋಡಿ. ಪಾಟ್‌ನಲ್ಲಿ, ಅಂದರೆ ನಡುವೆ ಸೇರಿದ ದುಡ್ಡಿನಲ್ಲಿ, 100 ಇದೆ ಅಂದುಕೊಳ್ಳಿ. ಫ್ಲಾಪ್, ಟರ್ನ್ (ನಾಲ್ಕನೇ ಎಲೆ), ರಿವರ್ (ಐದನೇ, ಕೊನೆಯ ಎಲೆ) ಮೂರರಲ್ಲೂ ಪಾಟ್‌ನ ಅರ್ಧದಷ್ಟು ಬೆಟ್ ಮಾಡಿ, ಒಬ್ಬರು ಕೊನೆವರೆಗೂ ಕಾಲ್ ಮಾಡಿದರೆ 50, 100, 200, ಒಟ್ಟು 350 ಅವರಿಂದ ಬರುತ್ತದೆ. ಫ್ಲಾಪ್‌ನಲ್ಲಿ ಚೆಕ್ ಮಾಡಿ ಆಮೇಲೆ ಶುರು ಮಾಡಿದರೆ ಬರೋದು ಬರೀ 150. ಒಂದೇ ಒಂದು ಚೆಕ್‌ಗೆ 200 ಹೋಯಿತು!

ಒಂದೇ ಜಾತಿಯ ಎರಡು ಎಲೆ ಫ್ಲಾಪ್‌ನಲ್ಲಿದ್ದರಂತೂ ನಾನು ಅರ್ಧಕ್ಕೆ ನಿಲ್ಲುವುದಿಲ್ಲ, ಮುಕ್ಕಾಲು ಪಾಟ್ ಹಾಕುತ್ತೇನೆ. ಫ್ಲಶ್‌ಗೆ (ಒಂದೇ ಜಾತಿಯ ಐದು ಎಲೆಗೆ) ಕಾಯುತ್ತಿರುವವರು ಆಗಲೇ ದುಡ್ಡು ಕೊಡುತ್ತಾರೆ, ರಿವರ್‌ನಲ್ಲಿ ಅವರ ಎಲೆ ಬರದಿದ್ದರೆ ಒಂದು ಪೈಸೆಯೂ ಹಾಕುವುದಿಲ್ಲ.