ಒಳ್ಳೆಯವನು ಅಂತ ಹೇಳಿದ್ದು ಯಾರು?

ಭಾನುವಾರ ನಮ್ಮ ಓದುಬಳಗದಲ್ಲಿ ಹಿರಿಯರೊಬ್ಬರು ತಾವೇ ಬರೆದ ಕಥೆ ಓದಿದರು. ಅಣ್ಣನೊಬ್ಬ ‘ನಾನು’ ಅಂತ ಹೇಳಿಕೊಂಡು ಹೋಗುವ ಕಥೆ. ತಮ್ಮನಿಗಾಗಿ ಏನೆಲ್ಲ ಬಿಟ್ಟುಕೊಟ್ಟೆ, ಅವನು ಮನೆ ಬಿಟ್ಟು ಹೋದ, ಒಂದು ಪತ್ರ ಕೂಡ ಬರೆಯಲಿಲ್ಲ. ಇಷ್ಟು. ಕೇಳಿದವರಲ್ಲಿ ಇಬ್ಬರು ಕಣ್ಣೊರೆಸಿಕೊಂಡರು. ಒಬ್ಬರಂತೂ, “ನಿಮ್ಮ ತಮ್ಮ ಈಗ ಎಲ್ಲಿದ್ದಾರೆ ಸರ್?” ಅಂತ ಕೇಳಿಯೇ ಬಿಟ್ಟರು. ಕಥೆಯ ‘ನಾನು’ ಬೇರೆ, ಬರೆದವರು ಬೇರೆ ಅನ್ನುವುದು ಎಲ್ಲರಿಗೂ ಗೊತ್ತು. ಕಣ್ಣೀರು ಬಂದಾಗ ಮರೆತುಹೋಗುತ್ತೆ.

ನಮ್ಮಲ್ಲಿ ಪರಿಭಾಷೆ ಅರೆದು ಕುಡಿದ ಒಬ್ಬರಿದ್ದಾರೆ. ಯಾವ ಕಥೆ ಕೊಟ್ಟರೂ ವಸ್ತು, ಹಂದರ, ಸಂಘರ್ಷ, ಸಂಕೇತ ಅಂತ ಖಾನೆ ತುಂಬುತ್ತಾರೆ. ಕಥೆ ಹಿಡಿಸಿತಾ ಅಂತ ಕೇಳಿದರೆ ಮಾತ್ರ ಉತ್ತರ ಇರುವುದಿಲ್ಲ. ಅವತ್ತೂ ಶುರುವಾಯಿತು. ಅಣ್ಣ ದುಂಡು ಪಾತ್ರ, ತಮ್ಮ ಚಪ್ಪಟೆ ಪಾತ್ರ. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಮಾಡಿದ ವಿಂಗಡಣೆ ಅದು. ಪಾತ್ರ ನಮ್ಮನ್ನು ಅಚ್ಚರಿಗೊಳಿಸಬೇಕು, ಆ ಅಚ್ಚರಿ ನಂಬುವ ಹಾಗೂ ಇರಬೇಕು, ಆಗಲೇ ಅದು ದುಂಡು. ಒಂದೇ ಗುಣಕ್ಕೆ ಅಂಟಿಕೊಂಡದ್ದು ಚಪ್ಪಟೆ. ಅಣ್ಣ ಎಲ್ಲಿ ಅಚ್ಚರಿಗೊಳಿಸಿದ? ಅದನ್ನು ಇವರು ಕೇಳಲೇ ಇಲ್ಲ.

ಆಗ ಮೂಲೆಯಲ್ಲಿದ್ದ ಕಾಲೇಜು ಹುಡುಗಿ ಕೇಳಿದಳು. “ಅಣ್ಣ ಒಳ್ಳೆಯವನು ಅಂತ ಹೇಳಿದ್ದು ಅಣ್ಣನೇ ಅಲ್ವಾ?”

ನಾನು ಕಥೆಯನ್ನು ಮನಸ್ಸಿನಲ್ಲೇ ಹಿಂದಕ್ಕೆ ತಿರುವಿದೆ. ತಮ್ಮನ ಬಾಯಲ್ಲಿ ಒಂದು ಮಾತೂ ಇಲ್ಲ. ಯಾಕೆ ಹೋದ ಅಂತ ಅಣ್ಣ ಕೇಳಿದ್ದೂ ಇಲ್ಲ. ತಾನು ಬಿಟ್ಟುಕೊಟ್ಟದ್ದರ ಪಟ್ಟಿ ಮಾತ್ರ ಒಂದೂ ಬಿಡದೆ ನೆನಪಿದೆ. ತಮ್ಮ ಚಪ್ಪಟೆ ಅಲ್ಲ, ಅಣ್ಣ ಅವನನ್ನು ಚಪ್ಪಟೆ ಮಾಡಿದ್ದಾನೆ!

“ಅದಕ್ಕೆ ನಂಬಲಾಗದ ನಿರೂಪಕ ಅಂತಾರೆ. ವೇಯ್ನ್ ಬೂತ್, 1961,” ಅಂದರು ಪರಿಭಾಷೆಯವರು. ಸರಿಯೇ, ಅಮೆರಿಕದ ವಿಮರ್ಶಕ ಬೂತ್ ಕೊಟ್ಟ ಹೆಸರೇ ಅದು. ಆದರೆ ಕಂಡವಳು ಅವಳು. ಇವರು ಚೀಟಿ ಅಂಟಿಸಿದರು. ಚೀಟಿ ಬೇಡ ಅಂತಲ್ಲ. ಹೆಸರು ಸಿಕ್ಕಿದರೆ ಇನ್ನೊಂದು ಕಥೆಯಲ್ಲಿ ಇದೇ ಚಾಳಿ ಬೇಗ ಕಾಣುತ್ತೆ. ಏನನ್ನೂ ಕಾಣುವ ಮೊದಲೇ ಚೀಟಿ ಹಿಡಿದು ನಿಂತರೆ ಕಷ್ಟ.

ಮಜಾ ಆಮೇಲೆ. ಲೇಖಕರು ಕಂಗಾಲಾಗಿ, “ನಾನು ಹಾಗೆ ಬರೆದೇ ಇಲ್ಲಮ್ಮ, ಅಣ್ಣ ನಿಜಕ್ಕೂ ಒಳ್ಳೆಯವನು,” ಅಂದರು. ಈಗ ಯಾರ ಮಾತು ನಡೆಯಬೇಕು? ಬರೆದವರ ಉದ್ದೇಶ ಕೃತಿಗೆ ಅಳತೆಗೋಲಲ್ಲ ಅಂತ ಅಮೆರಿಕದ ವಿದ್ವಾಂಸರಾದ ವಿಮ್ಸಾಟ್ ಮತ್ತು ಬಿಯರ್ಡ್ಸ್‌ಲಿ 1946ರಲ್ಲೇ ವಾದಿಸಿದ್ದರು. ನನ್ನ ಓಟು ಹುಡುಗಿಗೆ. ಅವಳು ಸುಮ್ನೆ ಅನುಮಾನ ಪಡಲಿಲ್ಲ, ಪುಟದಲ್ಲಿದ್ದ ಮೌನವನ್ನೇ ತೋರಿಸಿದಳು.

ಒಂದು ತೊಂದರೆ ಇದೆ. ಆ ಪ್ರಶ್ನೆ ಕೇಳಿದಾಗಿನಿಂದ ಯಾರು ಮನೆಜಗಳ ಹೇಳಿಕೊಂಡರೂ, ಅಲ್ಲಿಲ್ಲದವರ ಮಾತು ಏನಿರಬಹುದು ಅಂತಲೇ ಯೋಚನೆ. ಪಾಪ, ಎದುರಿಗಿದ್ದವರಿಗೆ ಬೇಕಾಗಿದ್ದು ಒಂದು ‘ಹೌದು’ ಅಷ್ಟೇ. ನಂಬಿಕೊಂಡು ಕೇಳುವುದರಲ್ಲಿ ಒಂದು ಸುಖ ಇತ್ತು. ಅದು ಸ್ವಲ್ಪ ಕೆಟ್ಟಿದೆ.

ನಿನ್ನೆ ಲೇಖಕರು ಫೋನ್ ಮಾಡಿದ್ದರು. ಕಥೆ ತಿದ್ದುತ್ತಾರಂತೆ. ಕೊನೆಯಲ್ಲಿ ತಮ್ಮನದೊಂದು ಪತ್ರ ಬರುತ್ತಂತೆ, ಅಣ್ಣನ ಒಳ್ಳೆಯತನ ತಮ್ಮನ ಮಾತಲ್ಲೇ ಬರಲಿ ಅಂತ. ಬೇಡ ಅಂದೆ. ಕೇಳುವ ಹಾಗೆ ಕಾಣಲಿಲ್ಲ. ಸೇರಿಸಿದರೂ ಹುಡುಗಿ ಬಿಡುವುದಿಲ್ಲ ಬಿಡಿ. ಆ ಪತ್ರ ನಮಗೆ ಓದಿ ಹೇಳುವವನೂ ಅಣ್ಣನೇ.