ಚಂದ್ರನ ಹಿಂದಿನ ಮುಕ್ಕಾಲು ಗಂಟೆ

2025ರ ಸೆಪ್ಟೆಂಬರ್‌ನಲ್ಲಿ ಷಿಕಾಗೋದ ತಂಗಿ ಮನೆಗೆ ಹೋಗಿದ್ದೆ. ಒಂದು ಶನಿವಾರ ಅವಳ ಮಗನ ಜೊತೆ ಅಲ್ಲಿನ ವಿಜ್ಞಾನ ಮ್ಯೂಸಿಯಂಗೆ ಹೊರಟೆವು. ಅವನಿಗೆ ಜರ್ಮನ್ ಸಬ್‌ಮರೀನ್ ನೋಡಬೇಕಿತ್ತು. ನನಗೆ ಅಪೊಲೊ 8 ಗಗನನೌಕೆ.

ಇಷ್ಟೇನಾ ಅಂತ ಅನಿಸಿತು ಮೊದಲು. ಕವುಚಿಟ್ಟ ಆಲಿಕೆಯ ಹಾಗಿದೆ. ಬುಡದ ಅಗಲ 3.9 ಮೀಟರ್. ಮೈಯೆಲ್ಲ ಸುಟ್ಟ ಕಲೆ. ಗಂಟೆಗೆ ಸುಮಾರು 40,000 ಕಿ.ಮೀ. ವೇಗದಲ್ಲಿ ಭೂಮಿಯ ವಾತಾವರಣಕ್ಕೆ ನುಗ್ಗಿದಾಗ ಆದದ್ದು. ಇದರೊಳಗೆ ಫ್ರಾಂಕ್ ಬೋರ್ಮನ್, ಜಿಮ್ ಲವೆಲ್, ಬಿಲ್ ಆಂಡರ್ಸ್ ಆರು ದಿನ ಇದ್ದರು. ಅದಕ್ಕೂ ಮೊದಲು ಯಾವ ಮನುಷ್ಯನೂ ಚಂದ್ರನ ತನಕ ಹೋಗಿರಲಿಲ್ಲ.

"ದೊಡ್ಡಮ್ಮ, ಇವರು ಚಂದ್ರನ ಮೇಲೆ ಇಳೀಲೇ ಇಲ್ವಾ?"

ಇಲ್ಲ ಮಗಾ. ಇಳಿಯುವ ವಾಹನ ಇನ್ನೂ ಸಿದ್ಧ ಆಗಿರಲಿಲ್ಲ. ಕಾಯುವ ಬದಲು ಸುಮ್ನೆ ಸುತ್ತಿ ಬರೋಣ ಅಂತ ನಾಸಾದವರು ಯೋಚಿಸಿದ್ದು 1968ರ ಆಗಸ್ಟ್‌ನಲ್ಲಿ. ಡಿಸೆಂಬರ್ 21ಕ್ಕೆ ಹಾರಿಯೇಬಿಟ್ಟರು. ಆ ಸ್ಯಾಟರ್ನ್ 5 ರಾಕೆಟ್‌ನಲ್ಲಿ ಅಲ್ಲಿಯವರೆಗೆ ಯಾರೂ ಕೂತಿರಲಿಲ್ಲ.

ಚಂದ್ರನ ಸುತ್ತ ನಿಲ್ಲಬೇಕಾದರೆ ಇಂಜಿನ್ ಉರಿಸಿ ವೇಗ ತಗ್ಗಿಸಬೇಕು. ಮನೆಗೆ ಮರಳಬೇಕಾದರೆ ಅದೇ ಇಂಜಿನ್ ಉರಿಸಿ ವೇಗ ಹೆಚ್ಚಿಸಬೇಕು. ಬೇರೆ ಇಂಜಿನ್ ಇಲ್ಲ. ಎರಡೂ ಸಲ ಅದನ್ನು ಉರಿಸಬೇಕಾದ್ದು ಚಂದ್ರನ ಹಿಂಬದಿಯಲ್ಲಿ. ಅಲ್ಲಿಂದ ರೇಡಿಯೊ ಭೂಮಿಗೆ ಕೇಳುವುದಿಲ್ಲ. ಒಂದು ಸುತ್ತಿಗೆ ಎರಡು ಗಂಟೆ, ಅದರಲ್ಲಿ ಸುಮಾರು ಮುಕ್ಕಾಲು ಗಂಟೆ ಮೌನ. ಅಂಥ ಹತ್ತು ಸುತ್ತು.

"ಸ್ಟಾರ್ಟ್ ಆಗದೆ ಇದ್ದಿದ್ದರೆ?"

ನಾನು ಉತ್ತರ ಕೊಡಲಿಲ್ಲ. ಅವನ ಕೈ ಹಿಡಿದುಕೊಂಡೆ.

ನಾನು ಮಲ್ಪೆಯವಳು. ಅಪ್ಪ ಆಳಸಮುದ್ರದ ಬೋಟಿಗೆ ಹೋಗುತ್ತಿದ್ದರು. ಹೋದರೆ ಎಂಟು ಹತ್ತು ದಿನ. ದಡ ದಾಟಿ ದೂರ ಹೋದ ಮೇಲೆ ವಯರ್‌ಲೆಸ್‌ಗೂ ಸಿಗುತ್ತಿರಲಿಲ್ಲ. ಹಾಗಾಗಿ ಈ ಕಥೆಯಲ್ಲಿ ನನಗೆ ಜಾಸ್ತಿ ಹತ್ತಿರದವಳು ಲವೆಲ್ ಹೆಂಡತಿ ಮ್ಯಾರಿಲಿನ್. ಗಗನಯಾತ್ರಿಗಳ ಮನೆಗಳಲ್ಲಿ ನಾಸಾ ಒಂದು ಸ್ಪೀಕರ್ ಪೆಟ್ಟಿಗೆ ಇಟ್ಟಿತ್ತು. ನೌಕೆಯಿಂದ ಬರುವ ಮಾತು ಮನೆಯವರಿಗೂ ಕೇಳುತ್ತಿತ್ತು. ಕ್ರಿಸ್‌ಮಸ್ ದಿನ ಹ್ಯೂಸ್ಟನ್‌ನಲ್ಲಿ ಮಧ್ಯರಾತ್ರಿ ಕಳೆದಿತ್ತು. ನೌಕೆ ಕೊನೆಯ ಸಲ ಚಂದ್ರನ ಹಿಂದೆ ಮರೆಯಾಯಿತು. ನಿಯಂತ್ರಣ ಕೇಂದ್ರದಿಂದ ಕೆನ್ ಮ್ಯಾಟಿಂಗ್ಲಿ "ಅಪೊಲೊ 8, ಹ್ಯೂಸ್ಟನ್" ಅಂತ ಮತ್ತೆ ಮತ್ತೆ ಕರೆದರು. ಕೊನೆಗೆ ಲವೆಲ್ ದನಿ ಬಂತು: ಸಾಂತಾಕ್ಲಾಸ್ ಇದ್ದಾನೆ, ತಿಳಿದಿರಲಿ. ಅಂದರೆ ಇಂಜಿನ್ ಉರಿದಿತ್ತು.

ಆಂಡರ್ಸ್ ತೆಗೆದ ಭೂಮಿ ಉದಯಿಸುವ ಫೋಟೊ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಇಷ್ಟವಾದದ್ದು ಒಂದು ಬೆಟ್ಟ. ಚಂದ್ರನ ಮೇಲೆ ಕಂಡ ಮೂರು ಮೂಲೆಯ ಬೆಟ್ಟಕ್ಕೆ ಲವೆಲ್ ಹೆಂಡತಿಯ ಹೆಸರಿಟ್ಟರು. ಮೌಂಟ್ ಮ್ಯಾರಿಲಿನ್. ಆ ಹೆಸರು ಅಧಿಕೃತವಾಗಲು 2017 ಬರಬೇಕಾಯಿತು. ಆಗ ಇಬ್ಬರೂ ಬದುಕಿದ್ದರು, ಅದೇ ಸಮಾಧಾನ. ಮ್ಯಾರಿಲಿನ್ 2023ರಲ್ಲಿ ಹೋದರು. ನಾನು ಮ್ಯೂಸಿಯಂಗೆ ಹೋಗುವ ಹಿಂದಿನ ತಿಂಗಳಷ್ಟೇ, 97ನೇ ವಯಸ್ಸಿನಲ್ಲಿ, ಲವೆಲ್ ಕೂಡ ತೀರಿಕೊಂಡಿದ್ದರು. ಅದೂ ಷಿಕಾಗೋ ಪಕ್ಕದ ಲೇಕ್ ಫಾರೆಸ್ಟ್‌ನಲ್ಲೇ.

ಹುಡುಗ ಸಬ್‌ಮರೀನ್ ಕಡೆ ಎಳೆಯುತ್ತಿದ್ದ. ಇನ್ನೊಂದು ಸುತ್ತು ಹಾಕಿ ಹೊರಟೆ.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಊರಲ್ಲಿ ಬೆಳಗಾಗಿತ್ತು. ಪೆಟ್ಟಿಗೆಯ ವಿಷಯ, ಮುಕ್ಕಾಲು ಗಂಟೆಯ ವಿಷಯ ಎಲ್ಲ ಹೇಳಿದೆ. ನಿಮಗೂ ಹಾಗೊಂದು ಪೆಟ್ಟಿಗೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅಲ್ವಾ ಅಂದೆ.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಬೇಡಪ್ಪ. ನನಗೆ ಏನೂ ಕೇಳುತ್ತಿರಲಿಲ್ಲ, ಕೆಲಸ ಮಾಡಿಕೊಂಡು ಇರುತ್ತಿದ್ದೆ. ಕೇಳ್ತಾ ಕೇಳ್ತಾ ದನಿ ನಿಂತರೆ, ಹೇಗೆ ತಡ್ಕೊಂಡಳು ಮಾರಾಯ್ತಿ ಅವಳು?"